ಹೊಸ ನಗರಕ್ಕೆ ಹೋಗುತ್ತಿದ್ದೀರಾ? ಮನೆಗಿಂತ ಮೊದಲು ಏರಿಯಾ ನೋಡಿ: ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ದೊಡ್ಡ ನಗರಕ್ಕೆ ಬಂದಾಗ ಒಂದು ಭಾನುವಾರ ಬೆಳಿಗ್ಗೆ 11 ಗಂಟೆಗೆ ಮನೆ ನೋಡಲು ಹೋದೆ. ಎರಡನೇ ಮಹಡಿ. ದೊಡ್ಡ ಕಿಟಕಿ, ಒಳ್ಳೆ ಗಾಳಿ, ಬೆಳಕು. ಬೀದಿಯೂ ಶಾಂತವಾಗಿತ್ತು. ಅರ್ಧ ಗಂಟೆಯಲ್ಲಿ ಒಪ್ಪಿಕೊಂಡು ಅಡ್ವಾನ್ಸ್ ಕೊಟ್ಟುಬಿಟ್ಟೆ.

ಮನೆಗೆ ಬಂದ ಮೊದಲ ರಾತ್ರಿಯೇ ಎರಡೂವರೆಗೆ ಎಚ್ಚರವಾಯಿತು. ಮನೆ ಮುಂದಿನ ರಸ್ತೆ ಸ್ವಲ್ಪ ಏರು. ಹಗಲು ನಗರದೊಳಗೆ ಬಿಡದ ಲಾರಿಗಳೆಲ್ಲ ರಾತ್ರಿ ಆ ದಾರಿಯಲ್ಲೇ ಬರುತ್ತಿದ್ದವು. ಸರಿಯಾಗಿ ನನ್ನ ಕಿಟಕಿ ಕೆಳಗೆ ಬಂದು ಗೇರ್ ಬದಲಿಸುತ್ತಿದ್ದವು. ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತಿತ್ತು. ಒಂದು ವರ್ಷ ಆ ಮನೆಯಲ್ಲಿ ನೆಟ್ಟಗೆ ನಿದ್ದೆ ಮಾಡಲಿಲ್ಲ.

ಮನೆಯಲ್ಲಿ ಯಾವ ದೋಷವೂ ಇರಲಿಲ್ಲ. ನಾನು ನೋಡಿದ್ದು ಮನೆಯನ್ನು ಮಾತ್ರ. ಏರಿಯಾ ನೋಡಿರಲಿಲ್ಲ. ಗೋಡೆಗೆ ಬೇರೆ ಬಣ್ಣ ಹೊಡೆಸಬಹುದು, ನಲ್ಲಿ ಸೋರಿದರೆ ರಿಪೇರಿ ಮಾಡಿಸಬಹುದು. ಮನೆ ಮುಂದಿನ ರಸ್ತೆ ಸರಿ ಇಲ್ಲ ಅಂದರೆ ಮಾಡೋದೇನು? ಆಮೇಲೆ ಮೂರು ಸಲ ಊರು ಬದಲಿಸಿದ್ದೇನೆ. ಪ್ರತಿ ಸಲವೂ ಮೊದಲು ಏರಿಯಾ, ಆಮೇಲೆ ಮನೆ. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ನಿಮ್ಮ ಒಂದು ಮಾಮೂಲಿ ದಿನವನ್ನು ಕಾಗದದ ಮೇಲೆ ಬರೆಯಿರಿ

"ಎಂಥಾ ಏರಿಯಾ ಬೇಕು?" ಅಂತ ಕೇಳಿದರೆ ಎಲ್ಲರೂ ಒಂದೇ ಥರ ಹೇಳುತ್ತೇವೆ. ಶಾಂತವಾಗಿರಬೇಕು, ಮರ ಗಿಡ ಇರಬೇಕು, ಎಲ್ಲವೂ ಹತ್ತಿರ ಇರಬೇಕು, ಬಾಡಿಗೆ ಕಡಿಮೆ ಇರಬೇಕು. ಇಂಥ ಏರಿಯಾ ಹುಡುಕಲು ಹೊರಟರೆ ಸಿಗುವುದಿಲ್ಲ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿ. ನನಗೆ ಏನು ಇಷ್ಟ ಅಂತ ಕೇಳಿಕೊಳ್ಳಬೇಡಿ. ನಾನು ದಿನಾ ಏನು ಮಾಡುತ್ತೇನೆ ಅಂತ ಕೇಳಿಕೊಳ್ಳಿ.

ಒಂದು ಮಂಗಳವಾರ ತಗೊಳ್ಳಿ. ಎಷ್ಟಕ್ಕೆ ಏಳುತ್ತೀರಿ, ಎಷ್ಟಕ್ಕೆ ಮನೆ ಬಿಡುತ್ತೀರಿ, ಮಗುವನ್ನು ಯಾರು ಬಿಟ್ಟು ಬರುತ್ತಾರೆ, ಸಂಜೆ ತರಕಾರಿ ಯಾರು ತರುತ್ತಾರೆ, ರಾತ್ರಿ ಎಷ್ಟಕ್ಕೆ ಮಲಗುತ್ತೀರಿ? ಮನೆಯಲ್ಲಿರುವ ಪ್ರತಿಯೊಬ್ಬರದ್ದೂ ಬರೆಯಿರಿ. ಇಡೀ ದಿನ ಮನೆಯಲ್ಲೇ ಇರುವವರದ್ದನ್ನು ಮಾತ್ರ ಮರೆಯಲೇಬೇಡಿ. ಏರಿಯಾ ಜೊತೆ ಜಾಸ್ತಿ ಹೊತ್ತು ಕಳೆಯುವವರು ಅವರೇ. ಆದರೆ ಎಷ್ಟೋ ಮನೆಗಳಲ್ಲಿ ಅವರನ್ನು ಯಾರೂ ಕೇಳುವುದೇ ಇಲ್ಲ.

ಬರೆದಾದ ಮೇಲೆ ಪ್ರತಿ ಓಡಾಟದ ಪಕ್ಕ ತಿಂಗಳಿಗೆ ಎಷ್ಟು ಸಲ ಅಂತ ಹಾಕಿ. ಆಗ ಕಣ್ಣು ತೆರೆಯುತ್ತದೆ. ನನಗೆ ಸಿನಿಮಾ ಅಂದರೆ ಪ್ರಾಣ. ಥಿಯೇಟರ್ ಹತ್ತಿರ ಇರಲೇಬೇಕು ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ತಿಂಗಳಿಗೆ ಒಂದು ಸಲ. ಮೆಡಿಕಲ್ ಶಾಪಿಗೆ ಹೋಗುತ್ತಿದ್ದದ್ದು ಆರು ಸಲ. ತಿಂಗಳಿಗೊಮ್ಮೆ ಹೋಗುವ ಜಾಗ ಒಂದು ಗಂಟೆ ದೂರ ಇದ್ದರೂ ತೊಂದರೆ ಇಲ್ಲ. ದಿನಾ ಹೋಗುವ ಜಾಗ ಇಪ್ಪತ್ತು ನಿಮಿಷ ದೂರ ಸರಿದರೂ ಜೀವನವೇ ಬದಲಾಗುತ್ತದೆ.

ಈ ಪಟ್ಟಿಯಿಂದ "ಇದು ಇಲ್ಲದಿದ್ದರೆ ಆಗುವುದೇ ಇಲ್ಲ" ಅನ್ನುವಂಥ ನಾಲ್ಕು ವಿಷಯ ಆರಿಸಿ. ನಾಲ್ಕೇ. ಹತ್ತು ಬರೆದರೆ ಒಂದೂ ಬರೆಯದ ಹಾಗೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರಿಗೆ ಹಗಲು ನಿಶ್ಶಬ್ದ ಇರಬೇಕು. ಮಂಡಿ ನೋವಿರುವವರಿಗೆ ಏರು ರಸ್ತೆ ಇರಬಾರದು. ಗಾಡಿ ಇಲ್ಲದವರಿಗೆ ನಡೆದು ಹೋಗುವ ದೂರದಲ್ಲಿ ಬಸ್ಸೋ ರೈಲೋ ಇರಬೇಕು. ಒಬ್ಬೊಬ್ಬರ ನಾಲ್ಕು ಒಂದೊಂದು ಥರ.

ಹಂತ 2: ಬಾಡಿಗೆಯನ್ನು ಮಾತ್ರ ನೋಡಬೇಡಿ, ಓಡಾಟದ ಖರ್ಚನ್ನೂ ಕೂಡಿಸಿ

ಆದಾಯದ ಶೇಕಡಾ 30ಕ್ಕಿಂತ ಜಾಸ್ತಿ ಮನೆಗೆ ಹಾಕಬಾರದು ಅನ್ನುವ ಮಾತು ಕೇಳಿರುತ್ತೀರಿ. ಅಮೆರಿಕದಲ್ಲಿ ಸರ್ಕಾರಿ ಬಾಡಿಗೆ ಮನೆಗಳಿಗೆ 1969ರಲ್ಲಿ ಶೇಕಡಾ 25ರ ಮಿತಿ ಹಾಕಿದ್ದರು. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಆ ಅಂಕಿ ಅಲ್ಲಿಂದ ಎಲ್ಲ ಕಡೆ ಹರಡಿತು. ಅಂದಾಜಿಗೆ ಇಟ್ಟುಕೊಳ್ಳಲು ಅದು ಸಾಕು. ಆದರೆ ಅದರಲ್ಲಿ ಒಂದು ಕೊರತೆ ಇದೆ. ಓಡಾಟದ ಖರ್ಚು ಅದರಲ್ಲಿ ಸೇರಿಲ್ಲ.

ನಗರದ ಅಂಚಿನಲ್ಲಿ ಬಾಡಿಗೆ ಕಡಿಮೆ. ಹಾಗಂತ ಅಲ್ಲಿ ಮನೆ ಹಿಡಿದರೆ ಒಂದು ಗಾಡಿ ಬೇಕಾಗುತ್ತದೆ. ಕೆಲವೊಮ್ಮೆ ಎರಡು. ಇಂಧನ, ರಿಪೇರಿ, ವಿಮೆ, ಪಾರ್ಕಿಂಗ್ ಎಲ್ಲ ಸೇರಿಸಿದರೆ ಬಾಡಿಗೆಯಲ್ಲಿ ಉಳಿಸಿದ್ದು ದಾರಿಯಲ್ಲಿ ಹೋಗಿರುತ್ತದೆ. ಇದನ್ನೇ ಗಮನಿಸಿ ಚಿಕಾಗೋದ ಒಂದು ಸಂಸ್ಥೆ ಮನೆ ಮತ್ತು ಓಡಾಟ ಎರಡೂ ಸೇರಿ ಶೇಕಡಾ 45 ಮೀರಬಾರದು ಅನ್ನುವ ಅಳತೆ ಇಟ್ಟಿದೆ. ನನಗೆ ಇದು ಜಾಸ್ತಿ ಸರಿ ಅನ್ನಿಸುತ್ತದೆ. ಪ್ರತಿ ಏರಿಯಾದ ಮುಂದೆ ಬಾಡಿಗೆ, ನಿರ್ವಹಣಾ ಶುಲ್ಕ, ಓಡಾಟದ ಖರ್ಚು, ಈ ಮೂರನ್ನೂ ಕೂಡಿಸಿ ಬರೆಯಿರಿ. ಹೋಲಿಸಬೇಕಾದ್ದು ಆ ಮೊತ್ತವನ್ನು.

ಹಂತ 3: ದೂರವನ್ನು ಕಿಲೋಮೀಟರಿನಲ್ಲಿ ಅಲ್ಲ, ನಿಮಿಷದಲ್ಲಿ ಅಳೆಯಿರಿ

"ಆಫೀಸಿಂದ ಬರೀ 8 ಕಿಲೋಮೀಟರ್" ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರೆ. ಆ 8 ಕಿಲೋಮೀಟರಿಗೆ ಒಂದು ಕಡೆ 15 ನಿಮಿಷ ಸಾಕು, ಇನ್ನೊಂದು ಕಡೆ ಒಂದು ಗಂಟೆ ಬೇಕು. ಇಟಲಿಯ ಭೌತವಿಜ್ಞಾನಿ ಸೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಿಷಯ ಎತ್ತಿ ತೋರಿಸಿದರು. ಜನ ನಡೆದು ಹೋಗುತ್ತಿದ್ದ ಕಾಲದಿಂದ ಕಾರಿನ ಕಾಲದವರೆಗೂ ಮನುಷ್ಯ ದಿನಕ್ಕೆ ಸುಮಾರು ಒಂದು ಗಂಟೆಯನ್ನೇ ಓಡಾಟಕ್ಕೆ ಇಡುತ್ತಾ ಬಂದಿದ್ದಾನೆ. ವಾಹನದ ವೇಗ ಜಾಸ್ತಿಯಾದ ಹಾಗೆ ನಗರಗಳು ದೊಡ್ಡದಾದವು, ಆ ಒಂದು ಗಂಟೆ ಮಾತ್ರ ಹಾಗೇ ಉಳಿಯಿತು. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಅಂತ ಶುರು ಮಾಡಿ. ಅದಕ್ಕಿಂತ ಜಾಸ್ತಿ ಆದರೆ ಅದಕ್ಕೆ ಬದಲಾಗಿ ಏನು ಸಿಗುತ್ತಿದೆ ಅಂತ ಬರೆದಿಡಿ.

ಒಂದು ಸಣ್ಣ ಲೆಕ್ಕ ನೋಡಿ. ಹೋಗುವಾಗ 20 ನಿಮಿಷ, ಬರುವಾಗ 20 ನಿಮಿಷ ಜಾಸ್ತಿ ಆಯಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 250 ದಿನ ಕೆಲಸ. ಒಟ್ಟು 10,000 ನಿಮಿಷ. ಅಂದರೆ ಸುಮಾರು 167 ಗಂಟೆ. ಹಗಲು ರಾತ್ರಿ ಸೇರಿ ಏಳು ಪೂರ್ತಿ ದಿನ ದಾರಿಯಲ್ಲೇ ಕಳೆದ ಹಾಗಾಯಿತು. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೈ ಜರ್ಮನಿಯ ಜನರ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದಾರೆ. ದೂರದಿಂದ ಓಡಾಡುವವರಿಗೆ ಒಳ್ಳೆ ಮನೆಯೋ ಒಳ್ಳೆ ಸಂಬಳವೋ ಸಿಕ್ಕು ಎಲ್ಲ ಸರಿಹೋಗಬೇಕಿತ್ತು. ಆದರೆ ಓಡಾಟ ಉದ್ದವಾದ ಹಾಗೆ ಜೀವನದ ಬಗ್ಗೆ ಅವರ ಸಮಾಧಾನ ಕಡಿಮೆಯಾಗಿತ್ತು. ದೊಡ್ಡ ಹಾಲ್ ಸಿಕ್ಕ ಖುಷಿ ಕೆಲವು ತಿಂಗಳಲ್ಲಿ ಮಾಮೂಲಾಗುತ್ತದೆ, ಟ್ರಾಫಿಕ್ ಮಾತ್ರ ಮಾಮೂಲಾಗುವುದಿಲ್ಲ ಅನ್ನುವುದು ನನ್ನ ಅನುಭವವೂ ಹೌದು.

ಮ್ಯಾಪ್ ಆ್ಯಪ್‌ಗಳಲ್ಲಿ ಹೊರಡುವ ಸಮಯ ಹಾಕುವ ಅವಕಾಶ ಇರುತ್ತದೆ. ಕೆಲಸದ ದಿನ ಬೆಳಿಗ್ಗೆ ನೀವು ನಿಜವಾಗಿ ಹೊರಡುವ ಸಮಯ ಹಾಕಿ ನೋಡಿ. ಸಂಜೆ ವಾಪಸ್ ಬರುವ ದಿಕ್ಕಿಗೂ ಹಾಕಿ. "35ರಿಂದ 70 ನಿಮಿಷ" ಅಂತ ತೋರಿಸಿದರೆ 70 ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಒಂಬತ್ತು ಗಂಟೆಗೆ ತಲುಪಲೇಬೇಕಾದವರು 70 ನಿಮಿಷ ಮೊದಲೇ ಹೊರಡಬೇಕು, ಅಲ್ವಾ?

ಬಸ್ಸು, ರೈಲು ನಂಬಿಕೊಂಡವರು ಎಷ್ಟು ವೇಗವಾಗಿ ಹೋಗುತ್ತದೆ ಅನ್ನುವುದಕ್ಕಿಂತ ಎಷ್ಟು ನಿಮಿಷಕ್ಕೊಂದು ಬರುತ್ತದೆ ಅಂತ ನೋಡಿ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಸಮಯ ನೋಡದೆ ಹೋಗಿ ನಿಲ್ಲಬಹುದು. ಸರಾಸರಿ ಐದು ನಿಮಿಷ ಕಾಯುತ್ತೀರಿ. ನಲವತ್ತು ನಿಮಿಷಕ್ಕೊಂದು ಇದ್ದರೆ ಒಂದು ತಪ್ಪಿಸಿಕೊಂಡ ದಿನ ಎಲ್ಲ ಕೆಲಸವೂ ಏರುಪೇರು. ಕೊನೆಯ ಬಸ್ಸು ಎಷ್ಟಕ್ಕೆ, ರಜಾ ದಿನ ಓಡುತ್ತದಾ, ಒಂದು ದಾರಿ ಕಟ್ಟಿಹೋದರೆ ಇನ್ನೊಂದು ದಾರಿ ಇದೆಯಾ, ಇದನ್ನೂ ಈಗಲೇ ನೋಡಿಡಿ.

ಇನ್ನೊಂದು ಮಾತು. ಆಫೀಸಿನ ಪಕ್ಕದಲ್ಲೇ ಮನೆ ಮಾಡುವುದು ಜಾಣತನ ಅನ್ನಿಸುತ್ತದೆ. ಆದರೆ ಕೆಲಸ ಬದಲಾಗಬಹುದು, ಆಫೀಸೇ ಬೇರೆ ಕಡೆ ಹೋಗಬಹುದು. ನನ್ನ ಕೇಳಿದರೆ ಒಂದೇ ಆಫೀಸಿಗೆ ಹತ್ತಿರ ಇರುವುದಕ್ಕಿಂತ ನಾಲ್ಕು ದಿಕ್ಕಿಗೂ ಹೋಗಲು ಅನುಕೂಲವಾದ ರೈಲು ಅಥವಾ ಬಸ್ ಮಾರ್ಗಕ್ಕೆ ಹತ್ತಿರ ಇರುವುದು ಒಳ್ಳೆಯದು. ಮನೆಯಲ್ಲಿ ಇಬ್ಬರು ದುಡಿಯುವವರಿದ್ದು ಆಫೀಸುಗಳು ಬೇರೆ ಬೇರೆ ದಿಕ್ಕಿನಲ್ಲಿದ್ದರಂತೂ ಹೀಗೇ ಮಾಡಿ. ಸುಮ್ನೆ ಮ್ಯಾಪಿನಲ್ಲಿ ನಡುವಿನ ಜಾಗ ಹುಡುಕಿದರೆ ಇಬ್ಬರಿಗೂ ಕಷ್ಟವಾಗುವ ಜಾಗ ಸಿಗುವ ಸಾಧ್ಯತೆ ಇದೆ.

ಹಂತ 4: ಕೂತಲ್ಲೇ ಮ್ಯಾಪಿನಲ್ಲಿ ಸೋಸಿ

ಈಗ ನಿಮ್ಮ ಸಮಯ ಮತ್ತು ಹಣದ ಮಿತಿಯೊಳಗೆ ಬರುವ ಏಳೆಂಟು ಏರಿಯಾಗಳ ಹೆಸರು ಸಿಕ್ಕಿರುತ್ತದೆ. ಅವನ್ನು ಮೂರಕ್ಕೆ ಇಳಿಸಬೇಕು. ಇದನ್ನು ಮನೆಯಲ್ಲೇ ಕೂತು ಮಾಡಬಹುದು.

ಮೊದಲು ಉಪಗ್ರಹದ ಚಿತ್ರ ನೋಡಿ. ಹಸಿರು ಎಲ್ಲಿದೆ, ಕಾರ್ಖಾನೆ ಎಲ್ಲಿದೆ, ಕಸ ಸುರಿಯುವ ಜಾಗ ಇದೆಯಾ, ರೈಲು ಹಳಿ ಎಲ್ಲಿ ಹೋಗುತ್ತದೆ? ಮರ ಗಿಡದ ಬಗ್ಗೆ ಒಂದು ಸುಲಭದ ಅಳತೆ ಇದೆ. ನಗರದ ಮರಗಳ ಬಗ್ಗೆ ಕೆಲಸ ಮಾಡುವ ಸಂಶೋಧಕ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ 3-30-300. ಮನೆಯಿಂದ ಕನಿಷ್ಠ 3 ಮರ ಕಾಣಬೇಕು, ಏರಿಯಾದ ಶೇಕಡಾ 30 ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರಿನೊಳಗೆ ಪಾರ್ಕೋ ತೋಪೋ ಇರಬೇಕು. ಮೂರೂ ಇರುವ ಜಾಗ ಕಡಿಮೆ. ಆದರೂ ಎರಡು ಏರಿಯಾಗಳ ನಡುವೆ ಯಾವುದು ವಾಸಿ ಅಂತ ಹೇಳಲು ಇದು ಸಾಕು. ಬೇಸಿಗೆಯ ಮಧ್ಯಾಹ್ನ ಬರೀ ಕಾಂಕ್ರೀಟಿನ ಬೀದಿಯಲ್ಲೂ ನೆರಳಿನ ಬೀದಿಯಲ್ಲೂ ಒಂದೊಂದು ಸಲ ನಡೆದು ನೋಡಿದವರಿಗೆ ಬೇರೆ ವಿವರಣೆ ಬೇಡ.

ಆಮೇಲೆ ನಡೆಯುವ ದೂರ. ಸಾಮಾನ್ಯವಾಗಿ ಐದು ನಿಮಿಷಕ್ಕೆ 400 ಮೀಟರ್, ಹತ್ತು ನಿಮಿಷಕ್ಕೆ 800 ಮೀಟರ್ ನಡೆಯುತ್ತೇವೆ. ದಿನಸಿ, ಔಷಧಿ, ಡಾಕ್ಟರ್, ಬಸ್ ಸ್ಟಾಪ್, ಮಗು ಆಡುವ ಜಾಗ, ಇವುಗಳಲ್ಲಿ ಎಷ್ಟು ಈ ದೂರದೊಳಗೆ ಬರುತ್ತವೆ? ಎಲ್ಲವೂ 15 ನಿಮಿಷದಲ್ಲಿ ಸಿಗುವ ನಗರ ಅನ್ನುವ ಮಾತನ್ನು ಪ್ಯಾರಿಸ್ಸಿನ ಪ್ರೊಫೆಸರ್ ಕಾರ್ಲೋಸ್ ಮೊರೆನೊ 2016ರಲ್ಲಿ ಎತ್ತಿದರು. ಪ್ಯಾರಿಸ್ ನಗರ ಅದನ್ನು ತನ್ನ ಯೋಜನೆಯಲ್ಲೇ ಸೇರಿಸಿಕೊಂಡಿತು. ನಿಮ್ಮ ನಗರ ಅದನ್ನು ಮಾಡಲಿ ಬಿಡಲಿ, ನಿಮ್ಮ ಮನೆಯ ಮಟ್ಟಿಗೆ ಅದನ್ನು ನೀವೇ ನೋಡಿಕೊಳ್ಳಬಹುದು. ಮ್ಯಾಪಿನಲ್ಲಿ ನೇರ ಗೆರೆ ಎಳೆದು ನೋಡಿದರೆ ಮೋಸ ಹೋಗುತ್ತೀರಿ. ಗೆರೆಯಲ್ಲಿ 200 ಮೀಟರ್ ಇರುವ ಅಂಗಡಿಗೆ ಹೋಗಲು ನಡುವೆ ರೈಲು ಹಳಿಯೋ ಹೆದ್ದಾರಿಯೋ ಇದ್ದರೆ ಒಂದೂವರೆ ಕಿಲೋಮೀಟರ್ ಸುತ್ತಬೇಕಾಗಬಹುದು. ನಡೆದು ಹೋಗುವ ದಾರಿಯನ್ನೇ ತೋರಿಸಲು ಹೇಳಿ.

ಗೂಗಲ್ ಸ್ಟ್ರೀಟ್ ವ್ಯೂ ಇರುವ ಕಡೆ ಹಳೆಯ ವರ್ಷಗಳ ಚಿತ್ರವನ್ನೂ ನೋಡಬಹುದು. 2014ರಿಂದ ಈ ಸೌಲಭ್ಯ ಇದೆ. ಐದು ವರ್ಷದ ಹಿಂದೆ ತೆರೆದಿದ್ದ ಅಂಗಡಿಗಳು ಈಗ ಸಾಲಾಗಿ ಮುಚ್ಚಿವೆಯಾ? ಮನೆಗಳಿಗೆ ಹೊಸ ಬಣ್ಣ ಬಂದಿದೆಯಾ? ಬೀದಿ ಏಳುತ್ತಿದೆಯೋ ಬೀಳುತ್ತಿದೆಯೋ ಅಂತ ಅದರಲ್ಲಿ ಗೊತ್ತಾಗುತ್ತದೆ. ಜಾಗದ ಎತ್ತರ ತಗ್ಗು ತೋರಿಸುವ ಮ್ಯಾಪನ್ನೂ ಒಮ್ಮೆ ತೆರೆಯಿರಿ. ಹೆಸರಿನಲ್ಲೇ ಹಳ್ಳ, ಕೆರೆ, ಕಾಲುವೆ ಇರುವ ಬೀದಿ ಎಲ್ಲಿದ್ದರೂ ಒಂದು ಗುರುತು ಹಾಕಿಡಿ. ನೆಲದ ಹಳೆ ಕಥೆ ಹೆಸರಿನಲ್ಲಿ ಉಳಿದಿರುತ್ತದೆ.

ಹಂತ 5: ಹೋಗಿ ನೋಡಿ, ಒಂದು ಸಲ ಅಲ್ಲ, ನಾಲ್ಕು ಸಲ

ಇಷ್ಟೂ ಹಂತಗಳಲ್ಲಿ ಒಂದನ್ನೇ ಮಾಡಲು ಟೈಮ್ ಇದ್ದರೆ ಇದನ್ನು ಮಾಡಿ.

ಭಾನುವಾರ ಬೆಳಿಗ್ಗೆ ಎಲ್ಲ ಬೀದಿಯೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಬೇರೆ ಹೊತ್ತಿನಲ್ಲಿ ಹೋಗಿ. ಕೆಲಸದ ದಿನ ಬೆಳಿಗ್ಗೆ ಎಲ್ಲರೂ ಹೊರಡುವ ಹೊತ್ತಿಗೆ ಒಮ್ಮೆ. ಕೆಲಸದ ದಿನವೇ ರಾತ್ರಿ ಒಂಬತ್ತೂವರೆಗೆ ಒಮ್ಮೆ. ವಾರದ ಕೊನೆಯ ರಾತ್ರಿ ಒಮ್ಮೆ. ಜೋರು ಮಳೆ ಬಂದು ನಿಂತ ಮೇಲೆ ಒಮ್ಮೆ. ಮಳೆಗಾಲ ಅಲ್ಲದಿದ್ದರೆ ಕೊನೆಯದು ಆಗುವುದಿಲ್ಲ. ಮಳೆಯ ಗುರುತು ಹುಡುಕುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಗಾಡಿಯಲ್ಲಿ ಸುತ್ತಬೇಡಿ. ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ಮನೆ ಇರಬಹುದಾದ ಬೀದಿಯಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ಮೊಬೈಲ್ ಜೇಬಿನಲ್ಲಿರಲಿ. ಮೊದಲ ಎರಡು ನಿಮಿಷದಲ್ಲಿ ಕಟ್ಟಡ ಮಾತ್ರ ಕಾಣುತ್ತದೆ. ಐದನೇ ನಿಮಿಷದ ಹೊತ್ತಿಗೆ ಜನ ಕಾಣಲು ಶುರುವಾಗುತ್ತಾರೆ.

*ಜನ.* ಮಕ್ಕಳು ಹೊರಗೆ ಆಡುತ್ತಿದ್ದಾರಾ? ವಯಸ್ಸಾದವರು ಒಬ್ಬೊಬ್ಬರೇ ನಡೆದು ಹೋಗುತ್ತಿದ್ದಾರಾ? ರಾತ್ರಿ ಒಂಬತ್ತೂವರೆಗೆ ಹೆಂಗಸರು ಒಬ್ಬರೇ ಆರಾಮಾಗಿ ನಡೆಯುತ್ತಿದ್ದಾರಾ, ಅಥವಾ ಬಿರಬಿರನೆ ಹೆಜ್ಜೆ ಹಾಕುತ್ತಿದ್ದಾರಾ? ಏರಿಯಾ ಸುರಕ್ಷಿತವೋ ಅಲ್ಲವೋ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಗುರುತು ಸಿಕ್ಕಿಲ್ಲ. ಬೀದಿಗೆ ಮುಖ ಮಾಡಿದ ಬಾಗಿಲು, ಕಿಟಕಿ, ರಾತ್ರಿ ಹತ್ತರವರೆಗೆ ತೆರೆದಿರುವ ಸಣ್ಣ ಅಂಗಡಿ ಇದ್ದರೆ ಯಾರದ್ದಾದರೂ ಕಣ್ಣು ಬೀದಿಯ ಮೇಲೆ ಇದ್ದೇ ಇರುತ್ತದೆ. ಎರಡೂ ಬದಿ ಉದ್ದನೆಯ ಕಾಂಪೌಂಡ್ ಗೋಡೆ ಇರುವ ರಸ್ತೆ ಹಗಲು ಎಷ್ಟು ಅಂದವಾಗಿದ್ದರೂ ರಾತ್ರಿ ಅಲ್ಲಿ ನೋಡುವವರಿರುವುದಿಲ್ಲ.

*ಸದ್ದು.* ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಬಹುದು. ಅದು ಅಷ್ಟು ಕರಾರುವಾಕ್ ಅಲ್ಲ, ಆದರೆ ಎರಡು ಬೀದಿ ಹೋಲಿಸಲು ಸಾಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲಿ ವಾಹನಗಳ ಸದ್ದು ರಾತ್ರಿ ಹೊತ್ತು ಮನೆಯ ಹೊರಗೆ ಸರಾಸರಿ 45 ಡೆಸಿಬಲ್ ಮೀರಬಾರದು ಅಂದಿದೆ. 45 ಮತ್ತು 55ರ ನಡುವೆ ಬರೀ ಹತ್ತು ತಾನೇ ಅನ್ನಬೇಡಿ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಕೇಳಿಸುತ್ತದೆ. ರಸ್ತೆಯ ಏರು, ಸಿಗ್ನಲ್, ಉಬ್ಬು ಇರುವ ಕಡೆ ಬ್ರೇಕ್ ಮತ್ತು ಗೇರಿನ ಸದ್ದು ಜಾಸ್ತಿ. ಅಂಥ ಕಡೆಯಿಂದ ಹತ್ತು ಮನೆ ಆಚೆ ಹೋದರೂ ವ್ಯತ್ಯಾಸ ಗೊತ್ತಾಗುತ್ತದೆ. ನನ್ನ ಆ ಮೊದಲ ಮನೆಯಲ್ಲಿ ಬೆಡ್‌ರೂಮ್ ಹಿಂದಿನ ಕಡೆ ಇದ್ದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲವೇನೋ.

*ವಾಹನ.* ಟ್ರಾಫಿಕ್ ಅಂದರೆ ಬರೀ ಸದ್ದು, ಹೊಗೆ ಅಷ್ಟೇ ಅಲ್ಲ. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ಕಡಿಮೆ ವಾಹನದ ಬೀದಿಯಲ್ಲಿದ್ದವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರು. ಜಾಸ್ತಿ ವಾಹನದ ಬೀದಿಯಲ್ಲಿ ಆ ಸರಾಸರಿ ಒಂದಕ್ಕಿಂತಲೂ ಕಡಿಮೆ. ರಸ್ತೆ ದಾಟಲು ಹೆದರಿಕೆ ಆದರೆ ಎದುರು ಮನೆಯವರ ಪರಿಚಯ ಆಗುವುದಾದರೂ ಹೇಗೆ? ಹೊಸ ಊರಿನಲ್ಲಿ ಯಾರೂ ಗೊತ್ತಿಲ್ಲದೆ ಬಂದು ಇಳಿಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಮೇನ್ ರೋಡಿಗೆ ಹತ್ತಿರ ಇರಲಿ, ಆದರೆ ಮೇನ್ ರೋಡಿನ ಮೇಲೆ ಬೇಡ. ಎರಡು ಅಡ್ಡರಸ್ತೆ ಒಳಗೆ ಹೋದರೆ ಸಾಕು. ಗಾಳಿಗೂ ಇದೇ ಮಾತು. ದೊಡ್ಡ ರಸ್ತೆಯ ಹೊಗೆ ಅಂಚಿನಲ್ಲೇ ಜಾಸ್ತಿ, ಕೆಲವು ನೂರು ಮೀಟರ್ ದೂರ ಹೋದರೆ ಬಹಳ ಕಡಿಮೆ. ನಗರದ ಗಾಳಿ ಅಳೆಯುವ ಕೇಂದ್ರ ಹತ್ತಿರ ಇದ್ದರೆ ಪಿಎಂ 2.5 ಅನ್ನುವ ಸಣ್ಣ ಕಣಗಳ ವರ್ಷದ ಸರಾಸರಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ. ಹೆಚ್ಚಿನ ನಗರಗಳು ಅದನ್ನು ಮೀರುತ್ತವೆ. ಎಷ್ಟು ಮೀರಿದೆ ಅನ್ನುವುದು ಆಸ್ತಮಾ ಇರುವವರ ಮನೆಗೆ ಮುಖ್ಯ.

*ನೀರು.* ಬಿಸಿಲಿನ ದಿನ ಪ್ರವಾಹದ ಗುರುತು ಹುಡುಕುವುದು ಹೇಗೆ? ಒಮ್ಮೆ ಒಂದು ಗಲ್ಲಿಯಲ್ಲಿ ಮನೆ ನೋಡಿದೆ. ಪ್ರತಿ ಮನೆಯ ಹೊಸ್ತಿಲ ಮುಂದೆ ಒಂದಡಿ ಎತ್ತರದ ಸಣ್ಣ ಕಟ್ಟೆ ಇತ್ತು. "ನಾಯಿ ಒಳಗೆ ಬರಬಾರದು ಅಂತ" ಅಂದರು ಮನೆ ತೋರಿಸಿದವರು. ನನಗೇನೋ ಅನುಮಾನ. ಮೂಲೆಯ ದಿನಸಿ ಅಂಗಡಿಗೆ ಹೋಗಿ ಒಂದು ಸೋಪು ತಗೊಂಡೆ. ಅಂಗಡಿ ತುಂಬ ಸಾಮಾನು, ಆದರೆ ಎಲ್ಲ ರ‍್ಯಾಕಿನ ಕೆಳಗಿನ ಸಾಲು ಖಾಲಿ. "ಯಾಕೆ ಅಣ್ಣಾ, ಕೆಳಗೆ ಏನೂ ಇಟ್ಟಿಲ್ಲ?" ಅಂತ ಕೇಳಿದೆ. "ಜೋರು ಮಳೆ ಬಂದ್ರೆ ಅಲ್ಲಿವರೆಗೂ ನೀರು ಬರುತ್ತೆ" ಅಂದರು, ಚಿಲ್ಲರೆ ಎಣಿಸುತ್ತಲೇ. ಅವತ್ತಿನಿಂದ ಯಾವ ಏರಿಯಾಕ್ಕೆ ಹೋದರೂ ಮೂಲೆ ಅಂಗಡಿಯ ಕೆಳಗಿನ ಸಾಲು ನೋಡುತ್ತೇನೆ. ಗೋಡೆಯ ಮೇಲೆ ಒಂದೇ ಮಟ್ಟಕ್ಕೆ ಹೋಗುವ ಕಂದು ಗೆರೆ, ಎತ್ತರಿಸಿ ಕೂರಿಸಿದ ಕರೆಂಟ್ ಮೀಟರು, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬಿದ್ದಿರುವ ಪಂಪು, ಇವೂ ಅದೇ ಕಥೆ ಹೇಳುತ್ತವೆ.

*ವಾಸನೆ.* ಇದು ಫೋಟೋದಲ್ಲಿ ಬರುವುದಿಲ್ಲ. ಚರಂಡಿ, ಕಸದ ತೊಟ್ಟಿ, ಕಾರ್ಖಾನೆ ಹತ್ತಿರ ಇದ್ದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ನೋಡಿ. ಬೆಳಿಗ್ಗೆ ಇಲ್ಲದ ವಾಸನೆ ಸಂಜೆ ಬರಬಹುದು.

ಹಂತ 6: ಜನರನ್ನು ಕೇಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

"ಏರಿಯಾ ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ. ತಾವಿರುವ ಜಾಗವನ್ನು ಗುರುತಿಲ್ಲದವರ ಮುಂದೆ ಯಾರೂ ಬೈಯುವುದಿಲ್ಲ. ಹಾಗಾಗಿ ನಡೆದ ಸಂಗತಿಯನ್ನು ಕೇಳಿ. ಕರೆಂಟು ಕೊನೆಯ ಸಲ ಹೋಗಿದ್ದು ಯಾವಾಗ, ಎಷ್ಟು ಹೊತ್ತು? ನೀರು ನಿಂತುಹೋದ ದಿನ ಏನು ಮಾಡಿದಿರಿ? ರಾತ್ರಿ ಹುಷಾರು ತಪ್ಪಿದರೆ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಾಗುತ್ತದೆ? ಕಸದ ಗಾಡಿ ನಿನ್ನೆ ಬಂದಿತ್ತಾ? ಕೊನೆಗೆ ನನ್ನ ಮೆಚ್ಚಿನ ಪ್ರಶ್ನೆ: "ನೀವೇ ಈಗ ಮನೆ ಬದಲಿಸಬೇಕಾದರೆ ಇದೇ ಏರಿಯಾದಲ್ಲಿ ಹುಡುಕ್ತೀರಾ?" ಉತ್ತರಕ್ಕಿಂತ ಮೊದಲು ಎಷ್ಟು ಹೊತ್ತು ಯೋಚಿಸುತ್ತಾರೆ ಅಂತ ನೋಡಿ.

ಯಾರನ್ನು ಕೇಳಬೇಕು? ಮೆಡಿಕಲ್ ಶಾಪಿನವರು, ಡೆಲಿವರಿ ಕೊಡುವ ಹುಡುಗರು, ಶಾಲೆ ಗೇಟಿನ ಹತ್ತಿರ ಮಕ್ಕಳಿಗಾಗಿ ಕಾಯುತ್ತಿರುವ ತಂದೆ ತಾಯಿ, ರಾತ್ರಿ ಕಾವಲಿನವರು. ಡೆಲಿವರಿ ಹುಡುಗರಿಗೆ ಯಾವ ರಸ್ತೆಯಲ್ಲಿ ದೀಪ ಇಲ್ಲ, ಯಾವ ಬೀದಿಯಲ್ಲಿ ನಾಯಿ ಕಾಟ ಅಂತ ಬಾಯಿಪಾಠ. ಮನೆ ಖಾಲಿ ಮಾಡುತ್ತಿರುವವರು ಸಿಕ್ಕರೆ ಬಿಡಲೇಬೇಡಿ. ಯಾಕೆ ಹೋಗುತ್ತಿದ್ದೀರಿ ಅಂತ ನೇರವಾಗಿ ಕೇಳಿ. ಬ್ರೋಕರ್‌ಗೆ ನೀವು ಒಪ್ಪಿದರೆ ಮಾತ್ರ ಕಮಿಷನ್. ಅವರ ಮಾತು ಕೇಳಿ, ಆದರೆ ಅವರೊಬ್ಬರ ಮಾತಿನ ಮೇಲೆ ತೀರ್ಮಾನ ಮಾಡಬೇಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. "ಆ ಏರಿಯಾ ಸರಿ ಇಲ್ಲ ಕಣ್ರೀ" ಅಂತ ಯಾರಾದರೂ ಅಂದರೆ, ಏನಾಯಿತು, ಯಾವಾಗ ಆಯಿತು ಅಂತ ಕೇಳಿ. ಬಹಳ ಸಲ ಉತ್ತರ ಇರುವುದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಸುದ್ದಿ ಇರುತ್ತದೆ, ಇಲ್ಲವೇ ಅಲ್ಲಿರುವ ಜನರ ಬಡತನದ ಬಗ್ಗೆಯೋ, ಅವರು ಯಾರು ಅನ್ನುವುದರ ಬಗ್ಗೆಯೋ ಇರುವ ಅಸಹನೆ ಇರುತ್ತದೆ. ಅದನ್ನು ನಂಬಿ ಒಳ್ಳೆ ಏರಿಯಾ ಬಿಟ್ಟವರನ್ನು ನೋಡಿದ್ದೇನೆ. ಅಪರಾಧಗಳ ಅಂಕಿ ಅಂಶ ಸಿಗುವ ನಗರದಲ್ಲಿ ಅದನ್ನು ನೋಡಿ, ಆದರೆ ಬುದ್ಧಿ ಉಪಯೋಗಿಸಿ ನೋಡಿ. ರೈಲು ನಿಲ್ದಾಣ, ದೊಡ್ಡ ಮಾರ್ಕೆಟ್ ಇರುವ ಕಡೆ ದಿನಾ ಸಾವಿರಾರು ಜನ ಓಡಾಡುತ್ತಾರೆ. ಅಲ್ಲಿ ಸಂಖ್ಯೆ ಜಾಸ್ತಿ ಇದ್ದೇ ಇರುತ್ತದೆ. ಜೇಬುಗಳ್ಳತನ ಜಾಸ್ತಿಯೋ, ಮನೆಗಳ್ಳತನ ಜಾಸ್ತಿಯೋ ಅನ್ನುವುದು ನಿಮಗೆ ಬೇಕಾದ ಮಾಹಿತಿ.

ಹಂತ 7: ಮುಂದೆ ಏನಾಗಲಿದೆ ಅಂತ ನೋಡಿ

ಕಿಟಕಿಯಿಂದ ಕಾಣುವ ಖಾಲಿ ಸೈಟು ಇವತ್ತು ಗಾಳಿ ಬೆಳಕು ಕೊಡುತ್ತದೆ. ನಾಳೆ ಅಲ್ಲಿ ಕಟ್ಟಡ ಎದ್ದರೆ ಎರಡು ವರ್ಷ ಧೂಳು, ಆಮೇಲೆ ಗೋಡೆ. ನಗರಾಡಳಿತದ ಕಚೇರಿಯಲ್ಲೋ ವೆಬ್‌ಸೈಟಿನಲ್ಲೋ ಅಭಿವೃದ್ಧಿ ಯೋಜನೆಯ ನಕ್ಷೆ ಇರುತ್ತದೆ. ರಸ್ತೆ ಅಗಲ ಮಾಡುವುದು, ಹೊಸ ರೈಲು ಮಾರ್ಗ, ಮೇಲ್ಸೇತುವೆ, ಯಾವ ಜಾಗ ವಾಸಕ್ಕೆ, ಯಾವುದು ಅಂಗಡಿಗೆ, ಎಲ್ಲ ಅದರಲ್ಲಿ ಸಿಗುತ್ತದೆ. ಬಾಡಿಗೆಗೆ ಬರುವವರು ಮುಂದಿನ ಎರಡು ವರ್ಷ ನೋಡಿದರೆ ಸಾಕು. ಕೊಳ್ಳುವವರು ಪೂರ್ತಿ ಓದಬೇಕು. "ಮುಂದಿನ ವರ್ಷ ಇಲ್ಲೇ ಸ್ಟೇಷನ್ ಬರುತ್ತೆ" ಅನ್ನುವ ಮಾತಿಗೆ ಈಗಲೇ ಜಾಸ್ತಿ ಬಾಡಿಗೆ ಕೊಡಬೇಡಿ. ಇಂಥ ಕೆಲಸಗಳು ಹೇಳಿದ ದಿನಕ್ಕೆ ಮುಗಿಯುವುದು ಅಪರೂಪ.

ಮಕ್ಕಳಿರುವವರು ಇನ್ನೊಂದು ವಿಷಯ ನೋಡಿ. ಕೆಲವು ನಗರಗಳಲ್ಲಿ ಮನೆಯ ವಿಳಾಸದ ಮೇಲೆಯೇ ಶಾಲೆಯ ಸೀಟು ನಿಂತಿರುತ್ತದೆ. ಒಂದು ರಸ್ತೆಯ ಈ ಬದಿ ಒಂದು ಶಾಲೆ, ಆ ಬದಿ ಇನ್ನೊಂದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಶಾಲೆಗೆ ಫೋನ್ ಮಾಡಿ ಕೇಳಿಬಿಡಿ. ಮನೆಯಿಂದ ಕೆಲಸ ಮಾಡುವವರು ಸಂಜೆ ಹೊತ್ತು ಪ್ರತಿ ರೂಮಿನಲ್ಲೂ ನಿಂತು ಮೊಬೈಲ್ ಸಿಗ್ನಲ್ ನೋಡಿ, ಪಕ್ಕದ ಮನೆಯವರು ಯಾವ ಇಂಟರ್ನೆಟ್ ಹಾಕಿಸಿದ್ದಾರೆ ಅಂತ ಕೇಳಿ.

ಹಂತ 8: ಸಾಧ್ಯವಾದರೆ ಕೆಲವು ದಿನ ಇದ್ದು ನೋಡಿ

ಪೂರ್ತಿ ಒಪ್ಪಂದ ಮಾಡಿಕೊಳ್ಳುವ ಮೊದಲು ಅದೇ ಏರಿಯಾದಲ್ಲಿ ಒಂದೆರಡು ವಾರ ದಿನದ ಬಾಡಿಗೆಗೆ ರೂಮ್ ಹಿಡಿದು ಇದ್ದರೆ ಬಹಳ ಒಳ್ಳೆಯದು. ಖರ್ಚು ಸ್ವಲ್ಪ ಜಾಸ್ತಿ ಅನ್ನಿಸಬಹುದು. ಒಂದು ವರ್ಷ ತಪ್ಪು ಜಾಗದಲ್ಲಿ ಸಿಕ್ಕಿಕೊಳ್ಳುವುದಕ್ಕೆ ಹೋಲಿಸಿದರೆ ಅದು ಕಡಿಮೆಯೇ. ಇರುವಾಗ ಪ್ರವಾಸಿ ಥರ ಇರಬೇಡಿ. ಅಲ್ಲಿಂದಲೇ ಆಫೀಸಿಗೆ ಹೋಗಿ, ಅಲ್ಲೇ ಬಟ್ಟೆ ಒಗೆಯಿರಿ, ಅಲ್ಲೇ ತರಕಾರಿ ಕೊಳ್ಳಿ.

ಊರು ದೂರ ಇದ್ದು ಮೊದಲೇ ಹೋಗಲು ಆಗದಿದ್ದರೆ ಅಲ್ಲಿರುವ ಪರಿಚಯದವರಿಗೆ ವಿಡಿಯೋ ಕಾಲ್ ಮಾಡಲು ಹೇಳಿ. ಅವರು ಮನೆ ಒಳಗಿನಿಂದ ಅಲ್ಲ, ಬಸ್ ಸ್ಟಾಪಿನಿಂದ ಮನೆವರೆಗೂ ನಡೆಯುತ್ತಾ ತೋರಿಸಲಿ. ಬೆಳಿಗ್ಗೆ ಒಂದು, ರಾತ್ರಿ ಒಂದು. ಕಿಟಕಿ ತೆರೆದು ಎರಡು ನಿಮಿಷ ಮಾತಾಡದೆ ನಿಲ್ಲಲು ಹೇಳಿ. ಯಾರೂ ಕಣ್ಣಾರೆ ನೋಡದ ಮನೆಗೆ ಮಾತ್ರ ಹಣ ಕಳಿಸಲೇಬೇಡಿ. "ತುಂಬಾ ಜನ ಕೇಳ್ತಿದ್ದಾರೆ, ಇವತ್ತೇ ಕಳಿಸಿ" ಅಂದರೆ ಅಲ್ಲಿಗೆ ನಿಲ್ಲಿಸಿಬಿಡಿ.

ಹಂತ 9: ತೀರ್ಮಾನ ಮಾಡುವಾಗ ಮಾರ್ಕ್ಸ್ ಕೂಡಿಸಬೇಡಿ

ಎಷ್ಟೋ ಜನ ಹತ್ತು ಅಂಶಕ್ಕೆ ಹತ್ತತ್ತು ಮಾರ್ಕ್ಸ್ ಹಾಕಿ ಕೂಡಿಸುತ್ತಾರೆ. ನನಗೆ ಇದು ಸರಿ ಅನ್ನಿಸಲ್ಲ. ನಿದ್ದೆಗೆ ಸೊನ್ನೆ, ಪಾರ್ಕಿಗೆ ಹತ್ತು ಬಂದರೆ ಸರಾಸರಿ ಐದು. ಆದರೆ ನಿದ್ದೆ ಇಲ್ಲದವರಿಗೆ ಪಾರ್ಕ್ ಇಟ್ಟುಕೊಂಡು ಏನು ಮಾಡುವುದು? ಮೊದಲ ಹಂತದಲ್ಲಿ ಬರೆದ ನಾಲ್ಕನ್ನು ಮತ್ತೆ ಎದುರಿಗೆ ಇಟ್ಟುಕೊಳ್ಳಿ. ಅದರಲ್ಲಿ ಒಂದು ತಪ್ಪಿದರೂ ಆ ಏರಿಯಾ ಪಟ್ಟಿಯಿಂದ ಹೊರಗೆ, ಮನೆ ಎಷ್ಟೇ ಚೆಂದ ಇರಲಿ. ಉಳಿದವುಗಳನ್ನು ಆಮೇಲೆ ಹೋಲಿಸಿ.

ಹೀಗೆ ಮಾಡಿಯೂ ಎರಡು ಏರಿಯಾ ಸಮ ಸಮ ಬಂದರೆ ನಾನು ಮಾಡುವುದು ಇಷ್ಟು. ಕೆಲಸದ ದಿನ ರಾತ್ರಿ ಒಂಬತ್ತಕ್ಕೆ ಬಸ್ ಸ್ಟಾಪಿನಲ್ಲಿ ಇಳಿಯುತ್ತೇನೆ. ಎರಡೂ ಕೈಯಲ್ಲಿ ತುಂಬಿದ ಚೀಲ. ಆ ಮನೆವರೆಗೂ ನಡೆಯುತ್ತೇನೆ. ಕಳೆದ ಸಲ ಒಂದು ದಾರಿಗೆ 14 ನಿಮಿಷ ಹಿಡಿಯಿತು. ನಡುವೆ ದೀಪ ಇಲ್ಲದ ಒಂದು ಗೋಡೆ ಪಕ್ಕ ಬೇಗ ಬೇಗ ನಡೆದೆ, ಎರಡು ಕಡೆ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಯಿತು. ಇನ್ನೊಂದು ದಾರಿಗೆ 6 ನಿಮಿಷ. ದಾರಿಯಲ್ಲಿ ಟೈಲರ್ ಅಂಗಡಿ ಇನ್ನೂ ತೆರೆದಿತ್ತು. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯೊಬ್ಬರು "ಹೊಸಬ್ರಾ?" ಅಂತ ಕೇಳಿದರು. ಆ ಮನೆಯ ಅಡುಗೆಮನೆ ಚಿಕ್ಕದು, ಬಾಡಿಗೆಯೂ ಸ್ವಲ್ಪ ಜಾಸ್ತಿ. ಮಾರನೇ ದಿನ ಬೆಳಿಗ್ಗೆ ಓನರ್‌ಗೆ ಫೋನ್ ಮಾಡಿ ಆ ಮನೆಯನ್ನೇ ಹಿಡಿದೆ.